ಹಸಿವಾದಾಗ ನಿದ್ರಿಸುವ ಮಲೇರಿಯಾ ಕ್ರಿಮಿ

ಜ್ವರ ಬಂದಾಗ ಒಂದೆರಡು ಹೊತ್ತು ಊಟ ಬಿಟ್ಟು ಗಂಜಿ ಸೇವಿಸುವುದು ಹಿರಿಯರಿಂದ ಬಂದ ರೂಢಿ. ಆಯುರ್ವೇದವು ಇದನ್ನು ಲಂಘನವೆಂದು ಕರೆದು, ಮಂದವಾದ ಜಠರಾಗ್ನಿಯನ್ನು ಉದ್ದೀಪಿಸುವ ಉಪಾಯವೆಂದು ವಿವರಿಸಿದೆ. ಆದರೆ ಉಪವಾಸವಿದ್ದರೆ ಮಲೇರಿಯಾದ ಕ್ರಿಮಿಯೂ ಹಸಿದು ಸಾಯುವುದೆಂಬ ನಂಬಿಕೆ ಸರಿಯಲ್ಲ. ಇದರ ಕಾರಣವನ್ನು ಭಕ್ತರು ಅರಿತಿರುವುದು ಒಳಿತು.

ಮಲೇರಿಯಾ ಉಂಟುಮಾಡುವ ಪ್ಲಾಸ್ಮೋಡಿಯಂ ಒಂದೇ ಜೀವಕೋಶದ ಪರಾವಲಂಬಿ. ಕೆಂಪು ರಕ್ತಕಣವನ್ನು ಹೊಕ್ಕು, ಅಲ್ಲಿಯ ಹಿಮೋಗ್ಲೋಬಿನ್ ತಿಂದು ಬೆಳೆಯುತ್ತದೆ. ವಯಸ್ಕರ ಹಿಮೋಗ್ಲೋಬಿನ್‌ನಲ್ಲಿ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲ ಇರುವುದಿಲ್ಲ. ಅದನ್ನು ಕ್ರಿಮಿಯು ರಕ್ತದ್ರವದಿಂದಲೇ ಪಡೆಯಬೇಕು. ಫಾಲ್ಸಿಪಾರಂ ಜಾತಿಯ ಕ್ರಿಮಿಗೆ ಪ್ರಯೋಗಾಲಯದಲ್ಲಿ ಇದೊಂದನ್ನೇ ತಪ್ಪಿಸಿದಾಗ ಅದು ಸಾಯದೆ ಒಂದು ಬಗೆಯ ನಿದ್ರೆಗೆ ಜಾರಿತೆಂಬುದನ್ನು ಅಮೆರಿಕದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು.

ಜೀವಕೋಶದ ವಂಶವಾಹಿಯಲ್ಲಿರುವ ಆದೇಶವು ಸಂದೇಶವಾಹಕ ಆರ್‌ಎನ್‌ಎ ರೂಪದಲ್ಲಿ ಹೊರಬರುತ್ತದೆ. ಅದರಂತೆ ಪ್ರೋಟೀನ್ ಸಿದ್ಧವಾಗುತ್ತದೆ. ದಾಸೋಹಕ್ಕೆ ಇಷ್ಟು ಜನರೆಂಬ ಚೀಟಿ ಬಂದಿದ್ದರೂ, ಉಗ್ರಾಣದಲ್ಲಿ ಅಕ್ಕಿಯಿಲ್ಲದಿದ್ದರೆ ಒಲೆ ಹೊತ್ತಿಸದೆ ಕಾಯುತ್ತೇವಲ್ಲವೇ? ಕ್ರಿಮಿಯೂ ಹಾಗೆಯೇ ಮಾಡುತ್ತದೆ. ಹಸಿವಿನ ಸುಳಿವು ಸಿಕ್ಕೊಡನೆ ಅದರೊಳಗಿನ ಕಿಣ್ವವೊಂದು ಪ್ರೋಟೀನ್ ತಯಾರಿಕೆಯನ್ನು ಆರಂಭಿಸುವ ಅಂಶಕ್ಕೆ ಫಾಸ್ಫೇಟ್ ಜೋಡಿಸಿ ತಡೆಯೊಡ್ಡುತ್ತದೆ. ಸಂದೇಶವಿದ್ದರೂ ಕೆಲಸ ತಗ್ಗುತ್ತದೆ. ಐಸೊಲ್ಯೂಸಿನ್ ಮರಳಿ ದೊರೆತಾಗ ಬೆಳವಣಿಗೆ ಮುಂದುವರಿಯುತ್ತದೆ. ಮೇಲಾಗಿ, ನಾವು ಊಟ ಬಿಟ್ಟರೂ ನಮ್ಮ ಮಾಂಸಖಂಡಗಳಿಂದ ಅದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಆದ್ದರಿಂದ ಉಪವಾಸದಿಂದ ಬಳಲುವವನು ರೋಗಿಯೇ ಹೊರತು ಕ್ರಿಮಿಯಲ್ಲ.

ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಕಾಣುವ ವೈವ್ಯಾಕ್ಸ್ ಜಾತಿಗೆ ಇನ್ನೊಂದು ಬಗೆಯ ನಿದ್ರೆಯಿದೆ. ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಜ್ವರ ತರಬಲ್ಲದು. ಅದಕ್ಕಾಗಿಯೇ ಮೂರು ದಿನದ ಕ್ಲೋರೋಕ್ವಿನ್ ಜೊತೆಗೆ 14 ದಿನ ಪ್ರೈಮಾಕ್ವಿನ್ ನೀಡುತ್ತಾರೆ. ಜ್ವರ ಬಿಟ್ಟಿತೆಂದು ನಡುವೆ ಮಾತ್ರೆ ನಿಲ್ಲಿಸಬಾರದು. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಪ್ರೈಮಾಕ್ವಿನ್ ಸಲ್ಲದು. ಉಳಿದವರೂ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಗದ್ದೆ–ನಾಲೆಗಳ ನೀರಿನಲ್ಲಿ, ಜಗಳೂರಿನಂಥ ಬಯಲುಸೀಮೆಯ ಮನೆಗಳ ತೊಟ್ಟಿಗಳಲ್ಲಿ ಅನಾಫಿಲಿಸ್ ಸೊಳ್ಳೆ ಮೊಟ್ಟೆಯಿಡಬಹುದು. ತೊಟ್ಟಿಗಳನ್ನು ಮುಚ್ಚಿಡಿ, ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ತೊಳೆಯಿರಿ. ಕೂಲಿಗಾಗಿ ಮಂಗಳೂರು ಮೊದಲಾದ ಕಡೆ ಹೋಗಿ ಬಂದವರಿಗೆ ಚಳಿಜ್ವರ ಬಂದರೆ ಕಷಾಯವೊಂದನ್ನೇ ನಂಬಿ ಕೂರಬಾರದು. ಸಮೀಪದ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಪರೀಕ್ಷೆಯೂ ಔಷಧಿಯೂ ಅಲ್ಲಿ ಉಚಿತ.

ಲಂಘನವು ಪಥ್ಯ, ಕ್ರಿಮಿಗೆ ಔಷಧಿಯೇ ಬೇಕು. ಎರಡಕ್ಕೂ ಅದರದರ ಸ್ಥಾನವನ್ನು ನೀಡುವುದೇ ವಿವೇಕ.