ನೆಲದಡಿಯ ನೀರು: ಮೀಟರಿನ ಮಾತು ಎಷ್ಟು ನಂಬಬೇಕು?

ಕೃಷ್ಣರಾಜಪುರ, ಬಿದರಹಳ್ಳಿ, ವರ್ತೂರು ಕಡೆಯ ರೈತ ಬಾಂಧವರೇ, ಕೊಳವೆಬಾವಿಗೆ ಜಾಗ ಗೊತ್ತುಮಾಡಲು ನೀವು ತೆಂಗಿನಕಾಯಿಯವರನ್ನು ಕರೆಸುತ್ತೀರಿ, ಇಲ್ಲವೇ ಮೀಟರಿನವರನ್ನು. ನೀರಿರುವ ಬಿರುಕು ಇದ್ದಲ್ಲೇ ಇರುತ್ತದೆ. ಆದರೂ ಸಿಗುವುದು ಕಷ್ಟ. ಈ ಸೀಮೆಯ ತಳ ಗಟ್ಟಿಯಾದ ನೈಸ್ ಮತ್ತು ಗ್ರಾನೈಟ್ ಶಿಲೆ. ಆಳದಲ್ಲಿ ನೀರು ನಿಲ್ಲುವುದು ಬಂಡೆಯ ಸೀಳುಗಳಲ್ಲಿ ಮಾತ್ರ.

ತೆಂಗಿನಕಾಯಿಯ ವಿಷಯ ಬೇಗ ಮುಗಿಸೋಣ. ಜರ್ಮನಿಯ ಮ್ಯೂನಿಕ್ ಬಳಿ 1987-88ರಲ್ಲಿ ಕವೆಕಡ್ಡಿ ಹಿಡಿಯುವವರನ್ನು ಪರೀಕ್ಷಿಸಿದರು. ಆ ಫಲಿತಾಂಶಗಳನ್ನು ಮರುಪರಿಶೀಲಿಸಿದಾಗ ಅದು ಕುರುಡು ಊಹೆಗಿಂತ ಮೇಲಲ್ಲವೆಂದು ಕಂಡಿತು.

ಮೀಟರಿನದು ಬೇರೆ ಕಥೆ. ನಾಲ್ಕು ಕಂಬಿಗಳನ್ನು ಸಾಲಾಗಿ ನೆಟ್ಟು, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರಲ್ಲಿ ಅಳೆಯುತ್ತಾರೆ. ಒಣಬಂಡೆ ವಿದ್ಯುತ್ತನ್ನು ತಡೆಯುತ್ತದೆ, ಒದ್ದೆಯಾದ ಒಡಕು ಕಲ್ಲು ಬಿಡುತ್ತದೆ. ಆದರೆ ಜೇಡಿಯೂ ಬಿಡುತ್ತದೆ! ಮೀಟರು ಮೋಸಹೋಗುವುದು ಇಲ್ಲೇ. ತೀರ ಆಳದ ಸಣ್ಣ ಸೀಳು ಅದಕ್ಕೆ ಕಾಣುವುದೂ ಇಲ್ಲ. ಹಲಸೂರು, ಇಂದಿರಾನಗರದಂಥ ಕಡೆಯಂತೂ ತಂತಿ ಎಳೆಯಲು ಜಾಗವಿಲ್ಲ. ಹೂತ ಕೊಳವೆಗಳು ಅಳತೆಯನ್ನೇ ಕೆಡಿಸುತ್ತವೆ.

ಒಂದು ಲೆಕ್ಕ ನೋಡಿ. 100 ಜಾಗಗಳಲ್ಲಿ 20ರಲ್ಲಿ ನೀರಿದೆ ಎಂದಿಟ್ಟುಕೊಳ್ಳಿ. ಮೀಟರು ಆ 20ರಲ್ಲಿ 16ಕ್ಕೆ ‘ಇದೆ’ ಎನ್ನಲಿ. ಒಣಗಿದ 80ರಲ್ಲಿ 24ಕ್ಕೆ ತಪ್ಪಾಗಿ ‘ಇದೆ’ ಎನ್ನಲಿ. ‘ಇದೆ’ ಎಂದ 40ರಲ್ಲಿ ನೀರು ಬರುವುದು 16ಕ್ಕೆ ಮಾತ್ರ. ಐದಕ್ಕೆ ಒಂದಿದ್ದ ಅದೃಷ್ಟ ಐದಕ್ಕೆ ಎರಡಾಯಿತು. ಇದು ಲಾಭವೇ, ಆದರೆ ಖಾತ್ರಿಯಲ್ಲ. ಸಾಲ ಮಾಡುವ ಮೊದಲು ಈ ಲೆಕ್ಕ ಮನೆಯವರ ಮುಂದೆ ಇಡಿ.

ಅದೇ ಜಾಗವನ್ನು ಅದೇ ಮೀಟರಿನಿಂದ ಮತ್ತೆ ಅಳೆಸಿದರೆ ಪ್ರಯೋಜನ ಅಲ್ಪ. ಮೊದಲ ಸಲ ಮೋಸಮಾಡಿದ ಜೇಡಿ ಎರಡನೆಯ ಸಲವೂ ಮಾಡುತ್ತದೆ. ಬೇರೆ ಬಗೆಯ ಸಾಕ್ಷಿ ಹುಡುಕಬೇಕು. ಅಕ್ಕಪಕ್ಕದ ಬಾವಿಗಳಲ್ಲಿ ಯಾವ ಆಳದಲ್ಲಿ ನೀರು ಬಂತು, ಯಾವುದು ಒಣಗಿತು, ಅವು ಒಂದೇ ಗೆರೆಯಲ್ಲಿವೆಯೇ ಎಂದು ವಿಚಾರಿಸಿ ಬರೆದಿಡಿ. ಸೋತ ಬಾವಿಯನ್ನು ಜನ ಹೇಳಿಕೊಳ್ಳುವುದಿಲ್ಲ, ಆದರೆ ನಿಮಗೆ ಬೇಕಾದದ್ದು ಅದೂ ಹೌದು.

ಎಷ್ಟು ಅಡಿಗೆ ನಿಲ್ಲಿಸಬೇಕೆಂದು ಗಾಡಿ ಬರುವ ಮುನ್ನವೇ ತೀರ್ಮಾನಿಸಿ. ಒಣಪುಡಿ ಹಾರುತ್ತಿರುವಾಗ ‘ಇನ್ನೈವತ್ತು ಅಡಿ’ ಎನ್ನುವ ಆಸೆಗೆ ಕೊನೆಯಿಲ್ಲ. ಬೆಂಗಳೂರು ಪೂರ್ವ ತಾಲ್ಲೂಕಿನಲ್ಲಿ ಕೊರೆಸಲು 2011ರ ಅಂತರ್ಜಲ ಕಾಯ್ದೆಯಂತೆ ಅನುಮತಿ ಬೇಕು. ನೀರು ಬಾರದಿದ್ದರೆ ಗುಂಡಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಕಲ್ಲುಪುಡಿಗಳಿಂದ ಅಂದೇ ತುಂಬಿಸಿ. ಮಕ್ಕಳು ಬೀಳುವುದು ಅಲ್ಲೇ.