ಗಾಡಿ ಎಳೆಯುತ್ತಿಲ್ಲವೇ? ಮೊದಲು ಕ್ಲಚ್ಚೋ ಎಂಜಿನ್ನೋ ನೋಡಿ

‘ಗಾಡಿ ಎಳೀವಲ್ದು’ ಎಂದು ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಒಂದೋ ಗೇರ್‌ಬಾಕ್ಸ್ ಇಳಿಸಬೇಕು, ಇಲ್ಲವೇ ಎಂಜಿನ್ ಬಿಚ್ಚಬೇಕು ಎಂಬ ಮಾತು ಬರುತ್ತದೆ. ಎರಡೂ ದುಬಾರಿ. ಒಪ್ಪುವ ಮೊದಲು ಮಾಲೀಕರೇ ಒಂದಿಷ್ಟು ಪರೀಕ್ಷೆ ಮಾಡಬಹುದು. ಮಾರುತಿ 800ನ್ನೇ ತೆಗೆದುಕೊಳ್ಳೋಣ. 796 ಸಿಸಿ, ಮೂರು ಸಿಲಿಂಡರಿನ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಹಾಗಾಗಿ ಈಗ ಓಡುತ್ತಿರುವ ಪ್ರತಿಯೊಂದಕ್ಕೂ ವಯಸ್ಸಾಗಿದೆ.

ಕುಷ್ಟಗಿ ಹೆದ್ದಾರಿಯಲ್ಲಿ ವಾಹನಗಳಿಲ್ಲದ ಸಮತಟ್ಟು ಜಾಗ ನೋಡಿ, ಟಾಪ್ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಥಟ್ಟನೆ ಏರಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸದ್ದೂ ಏರದೆ ಎಂಜಿನ್ ಉಸಿರು ಕಟ್ಟಿದಂತಾದರೆ ಅದಕ್ಕೇ ಬಲವಿಲ್ಲ.

ಜಾರುತ್ತಿದೆ ಎಂದ ಮಾತ್ರಕ್ಕೆ ಪ್ಲೇಟ್ ಹೋಗಿದೆ ಎಂದಲ್ಲ. ಕ್ಲಚ್ ಪೆಡಲನ್ನು ಕೈಯಿಂದ ಒತ್ತಿ ನೋಡಿ. ಮೊದಲ ಒಂದೂವರೆ, ಎರಡು ಸೆಂಟಿಮೀಟರ್ ಸಲೀಸಾಗಿ ಇಳಿಯಬೇಕು. ಆ ಸಡಿಲು ಇಲ್ಲದಿದ್ದರೆ ಕೇಬಲ್ ಬಿಗಿಯಾಗಿದೆ. ನೀವು ಕಾಲು ತೆಗೆದರೂ ಕ್ಲಚ್ ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ಅಡ್ಜಸ್ಟ್ ಮಾಡುವ ನಟ್ ತಿರುಗಿಸಿದರೆ ಸರಿಹೋಗಬಹುದು. ಸಡಿಲು ಸರಿಯಿದ್ದೂ ಜಾರಿದರೆ ಪ್ಲೇಟ್ ಸವೆದಿದೆ, ಅಥವಾ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ಹತ್ತಿದೆ. ಸೀಲ್ ಬದಲಿಸದೆ ಪ್ಲೇಟ್ ಮಾತ್ರ ಹಾಕಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕೊಪ್ಪಳದ ಗವಿಮಠದ ಜಾತ್ರೆಯ ಗದ್ದಲದಲ್ಲಿ ತಾಸುಗಟ್ಟಲೆ ಹಾಫ್ ಕ್ಲಚ್ಚಿನಲ್ಲಿ ಸರಿದ ಗಾಡಿಯಲ್ಲಿ ಸವೆತ ಬೇಗ ಕಾಣುತ್ತದೆ.

ಇನ್ನು ಕೆಲವು ಗಾಡಿಗಳಲ್ಲಿ ಕ್ಲಚ್ ಪೂರ್ತಿ ಬಿಡುವುದೇ ಇಲ್ಲ. ಐಡಲ್‌ನಲ್ಲಿ ಪೆಡಲ್ ಒತ್ತಿ, ಐದಾರು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಆಗಲೂ ಕರ್ರೆಂದರೆ ಅದೇ ಕಾರಣ. ಪೆಡಲ್ ಒತ್ತಿದಾಗ ಮಾತ್ರ ಗರಗರ ಸದ್ದು ಬಂದರೆ ರಿಲೀಸ್ ಬೇರಿಂಗ್ ಕಡೆ ನೋಡಿ.

ಎಂಜಿನ್ ದೋಷಕ್ಕೆ ಹೊಗೆಯೇ ಸಾಕ್ಷಿ. ಕಪ್ಪು ಹೊಗೆಯಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಯಲಬುರ್ಗಾದ ಎರೆಹೊಲಗಳ ದಾರಿಯಲ್ಲಿ ಓಡಾಡುವವರು ಮೊದಲು ಏರ್ ಫಿಲ್ಟರ್ ತೆಗೆದು ಧೂಳು ನೋಡಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್, ಎಳೆಯುವಾಗೆಲ್ಲ ಬಂದರೆ ಬಹುತೇಕ ಪಿಸ್ಟನ್ ರಿಂಗ್. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ ಬಲವಾಗುತ್ತದೆ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಗಡಸು ಬೋರ್ ನೀರು ಹಾಕುವ ರೂಢಿಯನ್ನೂ ಬಿಡಿ. ಒಳಗೆ ಬಿಳಿ ಪದರು ಕಟ್ಟಿ ಎಂಜಿನ್ ಕಾಯುತ್ತದೆ. ಡಿಸ್ಟಿಲ್ಡ್ ವಾಟರ್ ಜೊತೆ ಕೂಲಂಟ್ ಹಾಕಿ.

ಎಂಜಿನ್ ಬಿಚ್ಚಲು ಬಿಡುವ ಮೊದಲು ಕಂಪ್ರೆಷನ್ ಟೆಸ್ಟ್ ಕೇಳಿ ಮಾಡಿಸಿ. ಪ್ಲಗ್ ತೂತಿಗೆ ಗೇಜ್ ಇಟ್ಟು ಮೂರೂ ಸಿಲಿಂಡರ್ ಅಳೆಯುತ್ತಾರೆ. ಒಂದರಲ್ಲಿ ಒತ್ತಡ ಕಡಿಮೆ ತೋರಿದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಮುಳ್ಳು ಚೆನ್ನಾಗಿ ಏರಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ದೋಷ ವಾಲ್ವಿನದೋ ಗ್ಯಾಸ್ಕೆಟ್ಟಿನದೋ ಆಗಿರುತ್ತದೆ; ಅದಕ್ಕೆ ಸಾಮಾನ್ಯವಾಗಿ ಹೆಡ್ ಇಳಿಸಿದರೆ ಸಾಕು, ಇಡೀ ಎಂಜಿನ್ ಇಳಿಸಬೇಕಿಲ್ಲ.