ಹೊಸ ವೇಷದ ಫೋನು, ಹಳೆಯ ಬೆರಳು

ತಂತ್ರಾಂಶದ ಅಪ್‌ಡೇಟ್ ಮುಗಿದ ಸ್ಮಾರ್ಟ್‌ಫೋನಿನಲ್ಲಿ ಗಾಜು, ಗುಂಡಿ, ತೂಕ ಯಾವುದೂ ಬದಲಾಗಿರುವುದಿಲ್ಲ. ಬದಲಾಗಿರುವುದು ಪರದೆಯ ಮೇಲಿನ ಅಕ್ಷರ, ಬಣ್ಣ, ನೆರಳು ಮತ್ತು ಚಲನೆಗಳು ಮಾತ್ರ. ಆದರೂ ಬೇರೊಬ್ಬರ ಫೋನನ್ನು ಕೈಗೆತ್ತಿಕೊಂಡ ಹಾಗಾಗುವುದಕ್ಕೆ ಕಾರಣಗಳು ಅರ್ಧ ಪರದೆಯಲ್ಲಿದ್ದರೆ ಇನ್ನರ್ಧ ನೋಡುವವರ ದೇಹದಲ್ಲಿವೆ. ಈ ಕಿರಿಕಿರಿಯನ್ನು ಹಳೆಯದಕ್ಕೆ ಅಂಟಿಕೊಳ್ಳುವ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಕೆಲವು ದಿನಗಳಲ್ಲಿ ತಾನಾಗಿ ಕರಗುವ ಒಂದು ಪಾಲೂ ಎಷ್ಟು ತಿಂಗಳು ಕಳೆದರೂ ಕರಗದ ಇನ್ನೊಂದು ಪಾಲೂ ಇದ್ದು, ಇವೆರಡಕ್ಕೂ ಮದ್ದು ಬೇರೆ ಬೇರೆ.

ಕರಗುವ ಪಾಲು ಅಭ್ಯಾಸಕ್ಕೆ ಸೇರಿದ್ದು. ಮಾಡಿ ಮಾಡಿ ಕೈಗೆ ಬಂದಿರುವ, ಮಾತಿನಲ್ಲಿ ಹೇಳಲು ಬಾರದ ನೆನಪನ್ನು ಮನೋವಿಜ್ಞಾನದಲ್ಲಿ ಕ್ರಿಯಾಸ್ಮೃತಿ ಎನ್ನಬಹುದು. ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸ ಘಟನೆಗಳನ್ನು ನೆನಪಿಡುವ ಶಕ್ತಿಯನ್ನೇ ಕಳೆದುಕೊಂಡಿದ್ದ ಹೆನ್ರಿ ಮೊಲೈಸನ್ ಅವರಿಗೆ, ಕನ್ನಡಿಯಲ್ಲಿ ಮಾತ್ರ ಕಾಣುವ ನಕ್ಷತ್ರದ ಅಂಚನ್ನು ಪೆನ್ಸಿಲ್‌ನಿಂದ ತಿದ್ದುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಕೊಟ್ಟಾಗ, ಹಿಂದಿನ ದಿನ ಅದನ್ನು ಮಾಡಿದ್ದು ಅವರಿಗೆ ನೆನಪಿರಲಿಲ್ಲ, ಆದರೆ ಕೈ ಮಾತ್ರ ದಿನದಿಂದ ದಿನಕ್ಕೆ ಪಳಗುತ್ತ ಹೋಯಿತು. ಫೋನು ಬಳಸುವ ಹೆಬ್ಬೆರಳೂ ಇದೇ ಬಗೆಯ ನೆನಪಿನಿಂದ ನಡೆಯುವುದರಿಂದ, ಗುಂಡಿಯೊಂದು ಪರದೆಯ ಮೇಲಿನಿಂದ ಕೆಳಕ್ಕೆ ಸರಿದರೂ ಬೆರಳು ಹಳೆಯ ಜಾಗಕ್ಕೇ ಹೋಗುತ್ತದೆ. ಈ ತಪ್ಪು ಮರುಬಳಕೆಯಿಂದಲೇ ತಿದ್ದಿಕೊಳ್ಳುವಂಥದು. ಅಪ್‌ಡೇಟ್ ಆದ ಹೊಸದರಲ್ಲಿ ಐಕಾನ್‌ಗಳನ್ನು ಬೇರೆ ಕಡೆ ಜೋಡಿಸುವ ಗೋಜಿಗೆ ಹೋಗದೆ, ಇದ್ದಲ್ಲೇ ಬಿಟ್ಟರೆ ಕಲಿಕೆ ಬೇಗ ಮುಗಿಯುತ್ತದೆ.

ಬಣ್ಣದ ವಿಷಯ ಸ್ವಲ್ಪ ಬೇರೆ. ಹಸಿರು ಎಲೆಗಳ ನಡುವಿನ ಕೆಂಪು ದಾಸವಾಳವನ್ನು ಕಣ್ಣು ಹುಡುಕಬೇಕಾಗುವುದಿಲ್ಲ, ಅದು ತಾನಾಗಿ ಎದ್ದು ಕಾಣುತ್ತದೆ. ಆದರೆ ಗುರುತು ಹಲವು ಲಕ್ಷಣಗಳ ಕೂಡಿಕೆಯಲ್ಲಿದ್ದರೆ ಗಮನವು ಒಂದೊಂದೇ ವಸ್ತುವಿನ ಮೇಲೆ ನಿಂತು ಸಾಗಬೇಕಾಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಆ್ಯನ್ ಟ್ರೀಸ್‌ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲಿ ವಿವರಿಸಿದರು. 2021ರ ಆಂಡ್ರಾಯ್ಡ್ 12ರಿಂದ ಈಚೆಗೆ ಗೋಡೆಚಿತ್ರದ ಬಣ್ಣವನ್ನೇ ಐಕಾನ್‌ಗಳಿಗೂ ಬಳಿಯುವ ಸೌಲಭ್ಯ ಬಂದಿದ್ದು, ನೋಟಕ್ಕೆ ಅದು ಒಪ್ಪವಾಗಿದ್ದರೂ ಹುಡುಕುವ ಕಣ್ಣಿಗೆ ಬಣ್ಣದ ಆಸರೆ ತಪ್ಪಿ ಆಕಾರವೊಂದೇ ಉಳಿಯುತ್ತದೆ. ಇದನ್ನು ಬಳಕೆದಾರರೇ ಆರಿಸಿಕೊಳ್ಳಬೇಕಾಗಿದೆ ಎಂಬುದೊಂದು ಸಮಾಧಾನ.

ಕರಗದ ಪಾಲು ಒಳಕಿವಿಯಿಂದ ಆರಂಭವಾಗುತ್ತದೆ. ಆಪಲ್ ಸಂಸ್ಥೆ 2013ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ಐಓಎಸ್ 7, ಚರ್ಮದ ಹೊಲಿಗೆ, ಹಸಿರು ಬಟ್ಟೆ ಹೊದಿಸಿದ ಆಟದ ಮೇಜು ಮುಂತಾದ ನಿಜವಸ್ತುಗಳ ಅನುಕರಣೆಯನ್ನು ಕೈಬಿಟ್ಟು, ತೆಳ್ಳನೆಯ ಅಕ್ಷರಗಳನ್ನೂ ಆಪ್ ತೆರೆದಾಗ ಪರದೆಯೇ ಮುಂದಕ್ಕೆ ನುಗ್ಗಿ ಬಂದಂತೆ ತೋರುವ ಚಲನೆಯನ್ನೂ ತಂದಾಗ, ಕೆಲವರು ತಲೆಸುತ್ತು ಮತ್ತು ವಾಕರಿಕೆಯ ದೂರು ಹೇಳಿದರು. ಒಳಕಿವಿಯಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿ ದ್ರವ ತುಂಬಿದ್ದು, ತಲೆ ತಿರುಗಿದಾಗ ಆ ದ್ರವ ಹಿಂದುಳಿದು ಕೋಶಗಳ ಸೂಕ್ಷ್ಮ ಕೂದಲುಗಳನ್ನು ಬಾಗಿಸುವುದರಿಂದ ಮಿದುಳಿಗೆ ಚಲನೆಯ ಸುದ್ದಿ ತಲುಪುತ್ತದೆ. ಘಟ್ಟದ ರಸ್ತೆಯ ಬಸ್ಸಿನಲ್ಲಿ ಪುಸ್ತಕ ಓದುವವರ ಕಿವಿ ಚಲನೆಯನ್ನು ವರದಿ ಮಾಡುತ್ತಿರುವಾಗ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಪರದೆಯ ಝೂಮ್ ನೋಡುವವರಲ್ಲಿ ಇದು ತಿರುಗುಮುರುಗಾಗಿ, ಕಣ್ಣು ಚಲನೆ ಎಂದರೆ ಕಿವಿ ಇಲ್ಲವೆನ್ನುತ್ತದೆ. ಈ ಎರಡು ಸಾಕ್ಷಿಗಳು ತಾಳೆಯಾಗದಿರುವುದೇ ವಾಕರಿಕೆಗೆ ಮೂಲವೆಂಬುದು ಹೆಚ್ಚಾಗಿ ಒಪ್ಪಿತವಾದ ವಿವರಣೆ. ಅದೇ ವರ್ಷದ ಅಕ್ಟೋಬರ್‌ನ 7.0.3 ಆವೃತ್ತಿಯಲ್ಲಿ, ‘ರೆಡ್ಯೂಸ್ ಮೋಷನ್’ ಆಯ್ಕೆಯನ್ನು ಒತ್ತಿದರೆ ಝೂಮ್‌ನ ಬದಲು ಒಂದು ದೃಶ್ಯ ಮಸುಕಾಗುತ್ತ ಇನ್ನೊಂದು ಮೂಡುವ ಏರ್ಪಾಡು ಬಂತು. ಆಂಡ್ರಾಯ್ಡ್ ಫೋನುಗಳಲ್ಲೂ ಚಲನೆಯನ್ನು ತೆಗೆದುಹಾಕುವ ಇಂಥ ಆಯ್ಕೆ ಉಂಟು. ಇವೆಲ್ಲ ‘ಆ್ಯಕ್ಸೆಸಿಬಿಲಿಟಿ’ ಎಂಬ ಹಣೆಪಟ್ಟಿಯಡಿ ಇರುವುದರಿಂದ, ಇವು ಅಂಗವಿಕಲರಿಗೆ ಮಾತ್ರ ಮೀಸಲೆಂದು ಭಾವಿಸಿ ಅತ್ತ ಸುಳಿಯದವರೇ ಬಹಳ.

ಕಣ್ಣಿಗೆ ಸಂಬಂಧಿಸಿದ ತೊಡಕು 2025ರ ಸೆಪ್ಟೆಂಬರ್‌ನಲ್ಲಿ ಬಂದ ಐಓಎಸ್ 26ರಲ್ಲಿ ಎದ್ದು ಕಂಡಿತು. ‘ಲಿಕ್ವಿಡ್ ಗ್ಲಾಸ್’ ಎಂಬ ಅದರ ವಿನ್ಯಾಸದಲ್ಲಿ ಗುಂಡಿಗಳೂ ಪಟ್ಟಿಗಳೂ ಗಾಜಿನ ಹಾಗೆ ಹಿಂದಿನದನ್ನು ತೋರಿಸುತ್ತವೆ. ಅಂಚಿನಲ್ಲಿ ಬೆಳಕು ಬಾಗಿದಂತೆ ಕಾಣಿಸಲು ಫೋನಿನ ಚಿತ್ರಸಂಸ್ಕಾರಕ ಹಿಂದಿನ ಚಿತ್ರ ಸರಿದಂತೆಲ್ಲ ಹೊಸದಾಗಿ ಲೆಕ್ಕ ಹಾಕುತ್ತಿರುತ್ತದೆ. ಓದಲು ಬೇಕಾದದ್ದು ಕಾಂಟ್ರಾಸ್ಟ್, ಎಂದರೆ ಅಕ್ಷರ ಮತ್ತು ಹಿನ್ನೆಲೆಗಳ ಹೊಳಪಿನ ಅಂತರ. ಬಿಳಿಯ ಮೇಲೆ ಕಪ್ಪು ಇದ್ದರೆ ಆ ಹೊಳಪುಗಳ ಅನುಪಾತ 21:1 ಆಗುತ್ತದೆ, ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5:1 ಇರಬೇಕೆಂದು ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಪಾರದರ್ಶಕ ಪಟ್ಟಿಯ ಮೇಲಿನ ಅಕ್ಷರಕ್ಕೆ ಸ್ಥಿರವಾದ ಹಿನ್ನೆಲೆಯೇ ಇಲ್ಲದಿರುವುದರಿಂದ, ಒಂದು ಚಿತ್ರದ ಮೇಲೆ ಸ್ಪಷ್ಟವಾಗಿದ್ದದ್ದು ಬೆರಳು ಜಾರಿಸಿದೊಡನೆ ಇನ್ನೊಂದರ ಮೇಲೆ ಮಸುಕಾಗಬಹುದು. ವಯಸ್ಸಾದಂತೆ ಕಣ್ಣಿನ ಮಸೂರ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಹಿರಿಯರಿಗೆ ಇದು ಮೊದಲು ತಟ್ಟುತ್ತದೆ. ಕನ್ನಡ ಓದುವವರಿಗೆ ಇನ್ನೊಂದು ಹೆಚ್ಚುವರಿ ಹೊರೆಯಿದೆ: ದ ಮತ್ತು ಧ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಅಕ್ಷರದ ಬುಡದ ಒಂದು ಸಣ್ಣ ಗೀಟು ಮಾತ್ರವಾಗಿದ್ದು, ಒತ್ತಕ್ಷರಗಳಂತೂ ಇನ್ನೂ ಚಿಕ್ಕವು, ಕಾಂಟ್ರಾಸ್ಟ್ ಇಳಿದಾಗ ಮೊದಲು ಅಳಿಸಿಹೋಗುವುದು ಇವೇ. ನೋಡಿ ನೋಡಿ ವಿನ್ಯಾಸ ಇಷ್ಟವಾಗಬಹುದು, ಅದರಿಂದ ಈ ಅನುಪಾತವೇನೂ ಏರುವುದಿಲ್ಲ. ‘ರೆಡ್ಯೂಸ್ ಟ್ರಾನ್ಸ್‌ಪರೆನ್ಸಿ’ ಆಯ್ಕೆ ಗಾಜನ್ನು ಹೆಚ್ಚುಕಡಿಮೆ ಮುಚ್ಚುತ್ತದೆ, ‘ಇನ್‌ಕ್ರೀಸ್ ಕಾಂಟ್ರಾಸ್ಟ್’ ಅಂಚುಗಳನ್ನು ಗಾಢವಾಗಿಸುತ್ತದೆ. ನವೆಂಬರ್‌ನ 26.1 ಆವೃತ್ತಿ, ಗಾಜು ತಿಳಿಯಾಗಿರಬೇಕೋ ಮಬ್ಬಾಗಿರಬೇಕೋ ಎಂಬ ಆಯ್ಕೆಯನ್ನು ಪರದೆಯ ಸೆಟ್ಟಿಂಗ್ಸ್‌ನಲ್ಲೇ ಇರಿಸಿತು.

ಹಳೆಯ ಆವೃತ್ತಿಗೇ ಮರಳುವ ದಾರಿ ಮಾತ್ರ ಬಹುಪಾಲು ಮುಚ್ಚಿದೆ. ಐಫೋನಿನಲ್ಲಿ ಯಾವುದೇ ಆವೃತ್ತಿಯನ್ನು ಸ್ಥಾಪಿಸುವ ಮುನ್ನ ಆಪಲ್‌ನ ಸರ್ವರ್ ಅದಕ್ಕೆ ಡಿಜಿಟಲ್ ಸಹಿ, ಎಂದರೆ ನಕಲು ಮಾಡಲಾಗದ ಗಣಿತದ ಮುದ್ರೆ, ಹಾಕಬೇಕಾಗುತ್ತದೆ. ಹೊಸದು ಬಂದ ಸ್ವಲ್ಪ ಕಾಲದಲ್ಲೇ ಹಳೆಯದಕ್ಕೆ ಈ ಸಹಿ ನಿಲ್ಲುತ್ತದೆ. ಭದ್ರತೆಯ ಬಿರುಕುಗಳಿರುವ ಹಳೆಯ ತಂತ್ರಾಂಶವನ್ನು ಕಳ್ಳರು ಮತ್ತೆ ತುಂಬದಿರಲೆಂಬುದು ಇದರ ಉದ್ದೇಶ. ಬೀಗದ ರಿಪೇರಿಯೂ ಗೋಡೆಯ ಬಣ್ಣವೂ ಒಂದೇ ಪೊಟ್ಟಣದಲ್ಲಿ ಬರುವುದರಿಂದ, ಬಣ್ಣ ಬೇಡವೆಂದು ಪೊಟ್ಟಣವನ್ನು ಬಹುಕಾಲ ನಿರಾಕರಿಸುವುದು ಜಾಣತನವಲ್ಲ. ಆಂಡ್ರಾಯ್ಡ್‌ನಲ್ಲಿ ಮುಖಪುಟವೂ ಲಾಂಚರ್ ಎಂಬ ಒಂದು ಆಪ್ ಆಗಿರುವುದರಿಂದ ಅದನ್ನು ಬದಲಿಸಿ ಹಳೆಯ ಜೋಡಣೆಯನ್ನು ಮರಳಿ ಪಡೆಯಬಹುದು. ಮೇಲಿನಿಂದ ಎಳೆಯುವ ಸೂಚನೆಗಳ ಪರದೆಯೂ ಸೆಟ್ಟಿಂಗ್ಸ್ ಪುಟಗಳೂ ಮಾತ್ರ ಕಾರ್ಯವ್ಯವಸ್ಥೆಯ ಸ್ವತ್ತಾಗಿ ಹೊಸ ರೂಪದಲ್ಲೇ ಉಳಿಯುತ್ತವೆ.